ಇಂದಿರೆ ‘ಎಫ್’ ಟೈಪಾ, ‘ಟಿ’ ಟೈಪಾ? ನಾಯಕಿಯರಿಗೆ ಅಂಟಿಸುವ ನಾಲ್ಕಕ್ಷರದ ಚೀಟಿಯ ಹಿಂದೆ ಏನಿದೆ?

ಮುಂಡಗೋಡ ತಾಲ್ಲೂಕಿನ ಸನವಳ್ಳಿಯಿಂದ ಓದುಗರೊಬ್ಬರು ಒಂದು ಫಾರ್ವರ್ಡ್ ಕಳಿಸಿ, “ಇದರಾಗ ವಿಜ್ಞಾನ ಏನರ ಐತೇನ್ರಿ?” ಎಂದು ಕೇಳಿದ್ದಾರೆ. ಹಳೆಯ ಕನ್ನಡ ಸಿನಿಮಾ ನಾಯಕಿಯರ ಫೋಟೋಗಳು, ಪ್ರತಿ ಫೋಟೋದ ಕೆಳಗೆ ನಾಲ್ಕು ಇಂಗ್ಲಿಷ್ ಅಕ್ಷರಗಳು. ‘ಬೆಳ್ಳಿಮೋಡ’ದ ಇಂದಿರೆಗೆ ಒಂದು ಟೈಪ್, ‘ಶರಪಂಜರ’ದ ಕಾವೇರಿಗೆ ಇನ್ನೊಂದು. ಕೊನೆಯಲ್ಲಿ, “ನೀವು ಯಾವ ಟೈಪ್? ಇಲ್ಲಿ ಒತ್ತಿ” ಎಂಬ ಲಿಂಕ್. ಅವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ದಿನ ಇದೇ ಚರ್ಚೆಯಂತೆ. ಇಂದಿರೆ ಭಾವುಕಳು ಎಂದು ಒಂದು ಪಕ್ಷ, ಅವಳು ಕಲ್ಲುಮನಸ್ಸಿನ ಲೆಕ್ಕಾಚಾರದವಳು ಎಂದು ಇನ್ನೊಂದು ಪಕ್ಷ.

ಇಷ್ಟೇ ಆಗಿದ್ದರೆ ನಾವು ನಕ್ಕು ಮುಂದೆ ಹೋಗುತ್ತಿದ್ದೆವು. ಆದರೆ ಚರ್ಚೆಯ ಬಾಲದಲ್ಲಿ ಯಾರೋ ಹೀಗೆ ಬರೆದಿದ್ದರು: “ನಮ್ಮ ಓಣ್ಯಾಗಿನ ಸೊಸಿನೂ ಇದೇ ಟೈಪ್ ನೋಡ್ರಿ. ಹಡೆದು ಹತ್ತು ದಿನ ಆತು, ಯಾರ ಕೂಡೂ ಮಾತಿಲ್ಲ, ರಾತ್ರಿ ನಿದ್ದಿ ಇಲ್ಲ.” ಅದರ ಕೆಳಗೆ ನಗುವ ಇಮೋಜಿಗಳು ಬಿದ್ದಿದ್ದವು. ಈ ಲೇಖನ ಸ್ವಲ್ಪ ಉದ್ದವಾಗಿರುವುದಕ್ಕೆ ಆ ಒಂದು ಸಾಲೇ ಕಾರಣ.

ಮೊದಲು ಇಂದಿರೆಯ ವಿಷಯ

ಕಥೆ ಗೊತ್ತಿಲ್ಲದ ಕಿರಿಯರಿಗಾಗಿ ಚುಟುಕಾಗಿ ಹೇಳುತ್ತೇವೆ. ‘ಬೆಳ್ಳಿಮೋಡ’ ತ್ರಿವೇಣಿ ಅವರ ಕಾದಂಬರಿ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು. ಇಂದಿರೆಯಾಗಿ ಕಲ್ಪನಾ, ಮೋಹನನಾಗಿ ಕಲ್ಯಾಣ್‌ಕುಮಾರ್ ಅಭಿನಯಿಸಿದರು. ಇಂದಿರೆ ಮಲೆನಾಡಿನ ಶ್ರೀಮಂತ ಎಸ್ಟೇಟ್ ಮಾಲೀಕರ ಒಬ್ಬಳೇ ಮಗಳು. ಮೋಹನ ಅವಳ ತಂದೆಯ ನೆರವಿನಿಂದ ವಿದೇಶಕ್ಕೆ ಓದಲು ಹೋಗುತ್ತಾನೆ, ಇಬ್ಬರ ಮದುವೆ ನಿಶ್ಚಯವಾಗಿರುತ್ತದೆ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ತನಗೆ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮೋಹನನ ಮನಸ್ಸು ತಿರುಗುತ್ತದೆ. ಮುಂದೆ ಅವನು ಅಪಘಾತದಲ್ಲಿ ಗಾಯಗೊಂಡು ಮಲಗಿದಾಗ ಇಂದಿರೆಯೇ ಆರೈಕೆ ಮಾಡುತ್ತಾಳೆ. ಅವನಿಗೆ ತಪ್ಪಿನ ಅರಿವಾಗಿ ಮದುವೆಯಾಗೋಣ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ.

ಟೈಪ್ ಹಚ್ಚುವವರಿಗೆ ಈ ಕೊನೆಯ ಎರಡು ನಿರ್ಧಾರಗಳೇ ತೊಡಕು. ಕೈಬಿಟ್ಟವನ ಸೇವೆ ಮಾಡಿದ್ದನ್ನು ನೋಡಿದರೆ ಹೃದಯದ ಮಾತು ಕೇಳುವವಳು, ಅಂದರೆ ‘ಎಫ್’. ಅದೇ ಮನುಷ್ಯ ಪಶ್ಚಾತ್ತಾಪಪಟ್ಟು ಕೈ ಚಾಚಿದಾಗ ನಿರಾಕರಿಸಿದ್ದನ್ನು ನೋಡಿದರೆ ತಲೆಯ ಮಾತು ಕೇಳುವವಳು, ಅಂದರೆ ‘ಟಿ’. ಒಬ್ಬಳೇ ಹೆಣ್ಣು, ಒಬ್ಬನೇ ಗಂಡು, ನಡುವೆ ಸ್ವಲ್ಪವೇ ಕಾಲ. ಅಷ್ಟರಲ್ಲಿ ಅವಳ ‘ಟೈಪ್’ ಬದಲಾಯಿತೇ?

ಬದಲಾಗಲಿಲ್ಲ ಎಂದು ಯಾವ ಪ್ರೇಕ್ಷಕರನ್ನು ಕೇಳಿದರೂ ಹೇಳುತ್ತಾರೆ. ನೋವಿನಲ್ಲಿರುವವನನ್ನು ನೋಡಿಕೊಳ್ಳುವುದು ಒಂದು ಮಾತು, ಅವನ ಜೊತೆ ಬಾಳುವುದು ಬೇರೆ ಮಾತು. ಎರಡೂ ಅವಳಿಗೆ ಒಪ್ಪಿತವಾದ ಒಂದೇ ನೀತಿಯಿಂದ ಬಂದವು. ಇದನ್ನು ಹೇಳಲು ನಾಲ್ಕು ಅಕ್ಷರ ಸಾಲದು, ನಾಲ್ಕು ವಾಕ್ಯ ಬೇಕು.

ಈ ಅಕ್ಷರಗಳು ಬಂದದ್ದು ಎಲ್ಲಿಂದ?

ಫಾರ್ವರ್ಡ್‌ನಲ್ಲಿ ‘ವಿಜ್ಞಾನಿಗಳು ಕಂಡುಹಿಡಿದ 16 ವ್ಯಕ್ತಿತ್ವಗಳು’ ಎಂದಿದೆ. ಇದರ ಮೂಲ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯುಂಗ್ 1921ರಲ್ಲಿ ಬರೆದ ಒಂದು ಪುಸ್ತಕ. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಎಂಬಾಕೆ ಮಗಳು ಇಸಬೆಲ್ ಮದುವೆಯಾಗಲಿದ್ದ ಹುಡುಗ ತಮ್ಮ ಮನೆಯವರಿಗಿಂತ ಬೇರೆ ಥರದವನು ಎಂದು ಕಂಡು, ಜನರ ಸ್ವಭಾವಗಳನ್ನು ವಿಂಗಡಿಸುವ ಹವ್ಯಾಸಕ್ಕೆ ಬಿದ್ದಿದ್ದರು. (ಅಳಿಯನನ್ನು ಅಳೆಯಲು ಹೊರಟ ಅತ್ತೆ! ಈ ಪರೀಕ್ಷೆಯ ಇತಿಹಾಸದಲ್ಲಿ ನಮಗೆ ಬಹಳ ಇಷ್ಟವಾದ ಭಾಗ ಇದು.) ಯುಂಗ್ ಪುಸ್ತಕ ಸಿಕ್ಕ ಮೇಲೆ ಅವರು ತಮ್ಮ ವಿಂಗಡಣೆ ಬಿಟ್ಟು ಅವನದ್ದನ್ನು ಹಿಡಿದರು. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಗಳು ಇಸಬೆಲ್ ಮೈಯರ್ಸ್ ಇದನ್ನು ಪ್ರಶ್ನಾವಳಿಯಾಗಿ ಮಾಡಿದರು. ಹೊಸದಾಗಿ ಕೆಲಸಕ್ಕೆ ಬರುತ್ತಿದ್ದ ಮಹಿಳೆಯರಿಗೆ ಒಪ್ಪುವ ಕೆಲಸ ತೋರಿಸುವುದು ಅವರ ಉದ್ದೇಶ. ತಾಯಿ ಮಗಳು ಇಬ್ಬರೂ ಮನಃಶಾಸ್ತ್ರವನ್ನು ಕಾಲೇಜಿನಲ್ಲಿ ಕ್ರಮವಾಗಿ ಓದಿದವರಲ್ಲ. ಇಸಬೆಲ್ ಅದಕ್ಕೂ ಮೊದಲು ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದಿದ್ದರು. ಹಾಗಾಗಿ ಈ ಅಕ್ಷರಗಳಿಗೂ ಕಥೆಯ ಪಾತ್ರಗಳಿಗೂ ನಂಟು ಹಳೆಯದೇ.

ಅದೇ ಮೈಯರ್ಸ್–ಬ್ರಿಗ್ಸ್ ಪ್ರಶ್ನಾವಳಿ. ನಾಲ್ಕು ಜೋಡಿ, ಪ್ರತಿ ಜೋಡಿಯಿಂದ ಒಂದು ಅಕ್ಷರ, ಒಟ್ಟು 16 ಟೈಪ್. ಮೊದಲ ಜೋಡಿ ಮನಸ್ಸು ಹೊರಗಿನ ಲೋಕದತ್ತ ಹರಿಯುತ್ತದೋ ಒಳಗೋ ಎಂಬುದು. ಎರಡನೆಯದು ಕಣ್ಣಿಗೆ ಕಂಡ ವಿವರ ನಂಬುತ್ತೀರೋ ಒಳಹೊಳಹನ್ನೋ. ಮೂರನೆಯದು ‘ಟಿ’ ಮತ್ತು ‘ಎಫ್’. ನಾಲ್ಕನೆಯದು ಬೇಗ ತೀರ್ಮಾನ ಮಾಡಿ ಮುಗಿಸುತ್ತೀರೋ, ದಾರಿ ತೆರೆದಿಟ್ಟುಕೊಳ್ಳುತ್ತೀರೋ ಎಂಬುದು. ಫೋನಿನಲ್ಲಿ ಪುಕ್ಕಟೆ ಸಿಗುವ ಹೆಚ್ಚಿನ ‘ಟೆಸ್ಟ್’ಗಳು ಮೂಲ ಪ್ರಶ್ನಾವಳಿಯೂ ಅಲ್ಲ, ಅದರ ನಕಲುಗಳು.

‘ಎಫ್’ ಅಂದರೆ ಅಳುಬುರುಕರು ಅಂತಲ್ಲ

ಸನವಳ್ಳಿಯ ಗುಂಪಿನಲ್ಲಿ, ಬಹುಶಃ ನಿಮ್ಮ ಗುಂಪಿನಲ್ಲೂ, ಜನ ಅಂದುಕೊಂಡಿರುವುದು ಹೀಗೆ: ‘ಎಫ್’ ಅಂದರೆ ಭಾವನೆಗೆ ಸೋಲುವವರು, ‘ಟಿ’ ಅಂದರೆ ಬುದ್ಧಿವಂತರು. ಯುಂಗ್ ಹಾಗೆ ಹೇಳಿಯೇ ಇಲ್ಲ. ಅವನ ಪ್ರಕಾರ ಇವೆರಡೂ ವಿವೇಚನೆಯ ದಾರಿಗಳು. ಒಂದು ದಾರಿ ‘ಇದು ನಿಜವೇ, ಸರಿಯಾಗಿ ಹೊಂದುತ್ತದೆಯೇ’ ಎಂದು ಕೇಳುತ್ತದೆ. ಇನ್ನೊಂದು ‘ಇದಕ್ಕೆ ಬೆಲೆ ಇದೆಯೇ, ಇದು ನನಗೆ ಒಪ್ಪುತ್ತದೆಯೇ’ ಎಂದು ಕೇಳುತ್ತದೆ. ಸಿಟ್ಟು, ಅಳು, ಉದ್ವೇಗ ಇವೆಲ್ಲ ಯಾರಿಗಾದರೂ ಬರಬಹುದು, ಅದು ಬೇರೆ ಲೆಕ್ಕ.

ಈ ಅರ್ಥದಲ್ಲಿ ನೋಡಿದರೆ ಇಂದಿರೆಯ ನಿರಾಕರಣೆ ಅಪ್ಪಟ ‘ಎಫ್’ ತೀರ್ಮಾನ. ಹಣದ ಲೆಕ್ಕ ಹಾಕಿದ್ದು ಮೋಹನ, ತನಗೆ ಬೆಲೆ ಇದೆ ಎಂದು ನಿಂತವಳು ಇಂದಿರೆ. ಗುಂಪಿನ ಎರಡೂ ಪಕ್ಷದವರು ಅಕ್ಷರಗಳನ್ನು ತಿರುಗಾಮುರುಗಾ ಹಿಡಿದುಕೊಂಡೇ ಜಗಳ ಆಡಿದ್ದಾರೆ ಅನ್ನಿ.

ಇನ್ನು ಭಾವನೆ ಬೆರೆತ ನಿರ್ಧಾರ ಕೆಟ್ಟ ನಿರ್ಧಾರ ಎಂಬ ನಂಬಿಕೆ. ಹೆಂಗಸರು ಭಾವುಕರು, ಆದ್ದರಿಂದ ದೊಡ್ಡ ತೀರ್ಮಾನ ಗಂಡಸರಿಗೆ ಬಿಡಬೇಕು ಎಂಬ ಮಾತು ಕೂಡ ಇದೇ ಬೇರಿನದು. ನರವಿಜ್ಞಾನಿ ಆಂಟೋನಿಯೋ ಡಮಾಸಿಯೋ 1994ರ ತಮ್ಮ ಪುಸ್ತಕದಲ್ಲಿ ‘ಎಲಿಯಟ್’ ಎಂದು ಕರೆದ ಒಬ್ಬ ರೋಗಿಯ ಕಥೆ ಹೇಳುತ್ತಾರೆ. ಮಿದುಳಿನ ಮುಂಭಾಗದ ಗಡ್ಡೆ ತೆಗೆದ ಮೇಲೆ ಅವನ ಬುದ್ಧಿಶಕ್ತಿ, ನೆನಪು, ಮಾತು ಎಲ್ಲ ನೆಟ್ಟಗೇ ಇದ್ದವು. ಭಾವನೆ ಮಾತ್ರ ಬತ್ತಿಹೋಗಿತ್ತು. ಪರಿಣಾಮ? ಸಣ್ಣ ಕೆಲಸಕ್ಕೂ ಗಂಟೆಗಟ್ಟಲೆ ತರ್ಕ ಮಾಡುತ್ತ ಕೂರುತ್ತಿದ್ದ, ತೀರ್ಮಾನಕ್ಕೆ ಬರಲಾಗುತ್ತಿರಲಿಲ್ಲ. ಕೆಲಸ ಹೋಯಿತು, ಉಳಿತಾಯ ಹೋಯಿತು, ಸಂಸಾರವೂ ಮುರಿಯಿತು. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಮನಸ್ಸಿಗೆ ‘ಅನ್ನಿಸುವುದು’ ನಿಂತುಹೋದರೆ ಲೆಕ್ಕಾಚಾರವೊಂದೇ ದಡ ಸೇರಿಸುವುದಿಲ್ಲ ಎಂಬುದು ಡಮಾಸಿಯೋ ವಾದ. ಒಬ್ಬ ರೋಗಿಯಿಂದ ಎಲ್ಲರ ಬಗ್ಗೆ ಹೇಳಲಾಗದು, ಅಂಥ ಇತರ ರೋಗಿಗಳ ಮೇಲೂ ಅವರ ತಂಡ ಪ್ರಯೋಗಗಳನ್ನು ನಡೆಸಿದೆ.

ಐದಡಿ ನಾಲ್ಕಂಗುಲದ ಗೆರೆ

ನಿಮ್ಮ ಊರಿನ ಎಲ್ಲ ಹೆಂಗಸರನ್ನೂ ಸಾಲಾಗಿ ನಿಲ್ಲಿಸಿ ಎತ್ತರ ಅಳೆದಿರಿ ಅನ್ನಿ. ಐದಡಿಯ ಆಸುಪಾಸು ಹೆಚ್ಚು ಜನ, ತೀರಾ ಗಿಡ್ಡ, ತೀರಾ ಉದ್ದ ಇರುವವರು ಕಡಿಮೆ. ಈಗ ನಡುವೆ ಎಲ್ಲೋ ಒಂದು ಗೆರೆ ಎಳೆದು, ಈಚೆಯವರೆಲ್ಲ ‘ಗಿಡ್ಡ ಟೈಪ್’, ಆಚೆಯವರೆಲ್ಲ ‘ಉದ್ದ ಟೈಪ್’ ಎಂದರೆ ಏನಾಗುತ್ತದೆ? ಗೆರೆಯ ಎರಡು ಪಕ್ಕದಲ್ಲಿ ಅರ್ಧ ಅಂಗುಲದ ಅಂತರದಲ್ಲಿ ನಿಂತ ಅಕ್ಕತಂಗಿಯರು ಬೇರೆ ಬೇರೆ ಜಾತಿಯವರಾಗುತ್ತಾರೆ. ಅಕ್ಕ ಅಂದು ಚಪ್ಪಲಿ ಹಾಕಿಕೊಂಡು ಬಂದಿದ್ದರೆ ಅವಳ ಟೈಪೇ ಬದಲು.

ನಾಲ್ಕಕ್ಷರದ ಪರೀಕ್ಷೆ ಮಾಡುವುದು ಇದನ್ನೇ. ವ್ಯಕ್ತಿತ್ವದ ಗುಣಗಳು ಎತ್ತರದ ಹಾಗೆ ಹರಡಿಕೊಂಡಿರುತ್ತವೆ, ಹೆಚ್ಚಿನವರು ನಡುವೆ. ಪರೀಕ್ಷೆ ನಡುವೆಯೇ ಕತ್ತರಿ ಹಾಕುತ್ತದೆ. ಅದಕ್ಕೇ ಐದು ವಾರ ಬಿಟ್ಟು ಮತ್ತೆ ಬರೆಸಿದರೆ ಅರ್ಧದಷ್ಟು ಜನರವರೆಗೆ ಕನಿಷ್ಠ ಒಂದು ಅಕ್ಷರ ಬದಲಾಗಿರುವುದನ್ನು ಸಂಶೋಧಕರು ಕಂಡಿದ್ದಾರೆ. ಐದು ವಾರದಲ್ಲಿ ಅಷ್ಟೊಂದು ಜನರ ರಕ್ತದ ಗುಂಪು ಬದಲಾದರೆ ನಾವು ಲ್ಯಾಬನ್ನೇ ಮುಚ್ಚಿಸುತ್ತಿದ್ದೆವು.

ಇಂದಿನ ಮನಃಶಾಸ್ತ್ರಜ್ಞರು ಹೆಚ್ಚಾಗಿ ಬಳಸುವುದು ‘ಬಿಗ್ ಫೈವ್’ ಎಂಬ ಐದು ಅಳತೆಗೋಲುಗಳನ್ನು: ಹೊಸದರ ಕುತೂಹಲ, ಶಿಸ್ತು, ಬೆರೆಯುವ ಗುಣ, ಹೊಂದಿಕೊಳ್ಳುವ ಗುಣ, ಬೇಗ ಆತಂಕಪಡುವ ಗುಣ. ಇಲ್ಲಿ ಡಬ್ಬಿಗಳಿಲ್ಲ, ಯಾರು ಎಷ್ಟು ಎಂಬ ಅಂಕ ಇದೆ. ಇದೂ ಪರಿಪೂರ್ಣವೇನಲ್ಲ. ಆದರೆ ‘ನೀವು ಈ ಟೈಪ್’ ಎಂದು ಹೆಸರು ಕೊಡುವುದಿಲ್ಲವಾದ್ದರಿಂದ ಸ್ಟೇಟಸ್‌ಗೆ ಹಾಕಿಕೊಳ್ಳಲು ಬರುವುದಿಲ್ಲ. ಜನಪ್ರಿಯವಾಗದೆ ಇರಲು ಅದೇ ಕಾರಣ ಎಂದು ನಮ್ಮ ಅನಿಸಿಕೆ.

“ಆದರೆ ನನಗೆ ಬಂದದ್ದು ಪಕ್ಕಾ ನಾನೇ!”

ಹೀಗೆ ಹೇಳುವವರಿಗಾಗಿ ಒಂದು ಸಣ್ಣ ಪ್ರಯೋಗ. ಕೆಳಗಿನ ವಿವರಣೆ ಇಂದಿರೆಯ ಟೈಪಿನದು, ಓದಿ ನೋಡಿ.

‘ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಬೇಗ ನೋಯುವ ಜೀವ. ಎಲ್ಲರಿಗಾಗಿ ಮಾಡುತ್ತೀರಿ, ಮಾಡಿದ್ದನ್ನು ಯಾರೂ ಗುರುತಿಸಲಿಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಎಲ್ಲರ ಜೊತೆ ನಗುತ್ತೀರಿ, ಮನಸ್ಸು ಬಿಚ್ಚಿ ಹೇಳುವುದು ಒಬ್ಬಿಬ್ಬರ ಬಳಿ ಮಾತ್ರ. ತಾಳ್ಮೆ ದೊಡ್ಡದು, ಆದರೆ ಒಮ್ಮೆ ಮನಸ್ಸು ಮುರಿದರೆ ಮತ್ತೆ ಕೂಡುವುದು ಕಷ್ಟ.’

ಹೊಂದಿತೇ? ಈಗ ‘ಇಂದಿರೆ’ ಜಾಗದಲ್ಲಿ ‘ಕಾವೇರಿ’ ಎಂದಿಟ್ಟು ಓದಿ. ನಿಮ್ಮ ಅತ್ತೆಯವರ ಹೆಸರಿಟ್ಟು ಓದಿ. ನಿಮ್ಮದನ್ನೂ ಇಡಿ. ಈ ನಾಲ್ಕು ವಾಕ್ಯಗಳನ್ನು ನಾವು ಈ ಲೇಖನಕ್ಕೆಂದೇ ಬರೆದದ್ದು, ಯಾವ ಪರೀಕ್ಷೆಯಿಂದಲೂ ತಂದದ್ದಲ್ಲ.

ಈ ಆಟವನ್ನು ಹಿಂದೆಯೇ ಆಡಿ ತೋರಿಸಿದವರು ಅಮೆರಿಕದ ಮನಃಶಾಸ್ತ್ರಜ್ಞ ಬರ್ಟ್ರಮ್ ಫೋರರ್. 1948ರಲ್ಲಿ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ‘ಇದು ನಿಮ್ಮೊಬ್ಬರದೇ ಫಲಿತಾಂಶ’ ಎಂದು ಒಂದೊಂದು ಹಾಳೆ ಹಂಚಿದರು. ಎಷ್ಟು ಹೊಂದುತ್ತದೆ ಎಂದು 5ಕ್ಕೆ ಅಂಕ ಕೊಡಿ ಎಂದರು. ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲರ ಕೈಯಲ್ಲೂ ಒಂದೇ ಬರಹ, ಅದರ ಬಹುಪಾಲು ವಾಕ್ಯಗಳು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದವು! ವಾರಭವಿಷ್ಯ ‘ನಿಜ’ವಾಗುವುದೂ ಇದೇ ಉಪಾಯದಿಂದ.

ನಮ್ಮಲ್ಲಿ ‘ರಾಕ್ಷಸಗಣದ ಹುಡುಗಿ’ ಎಂದು ಒಳ್ಳೆಯ ಸಂಬಂಧಗಳನ್ನು ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಈಗ ಅದೇ ಕೆಲಸವನ್ನು ಇಂಗ್ಲಿಷ್ ಅಕ್ಷರಗಳು ಮಾಡತೊಡಗಿದರೆ ವಿದ್ಯಾವಂತಿಕೆ ಅನ್ನಿಸುತ್ತದೆ, ಅಷ್ಟೇ ವ್ಯತ್ಯಾಸ. ಕೆಲಸಕ್ಕೆ ಆಯ್ಕೆ ಮಾಡಲು ಇದನ್ನು ಬಳಸಬೇಡಿ ಎಂದು ಮೈಯರ್ಸ್–ಬ್ರಿಗ್ಸ್ ಪ್ರಶ್ನಾವಳಿ ಮಾರುವ ಸಂಸ್ಥೆಯೇ ಹೇಳುತ್ತದೆ. ಸೊಸೆಯ ಆಯ್ಕೆಗೆ ಬಳಸಬಹುದೇ ಎಂದು ಅವರನ್ನು ಯಾರೂ ಕೇಳಿರಲಿಕ್ಕಿಲ್ಲ.

ಕಥೆ ಹೇಳುವುದು ಯಾವ ದಿನಗಳನ್ನು?

ನಾಯಕಿಯ ನಿರ್ಧಾರಗಳಿಂದ ಅವಳ ಸ್ವಭಾವ ಹೇಳುವುದರಲ್ಲಿ ಇನ್ನೊಂದು ದೊಡ್ಡ ತೊಡಕಿದೆ. ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ.

ಕಾದಂಬರಿಕಾರರು ನಮಗೆ ತೋರಿಸುವುದು ಮಾಮೂಲಿ ದಿನಗಳನ್ನಲ್ಲ. ಇಂದಿರೆ ಸಾವಿರ ಮುಂಜಾನೆಗಳಲ್ಲಿ ಕಾಫಿ ಹೇಗೆ ಕುಡಿದಳು, ಆಳುಗಳ ಜೊತೆ ಹೇಗೆ ಮಾತಾಡಿದಳು ಎಂಬುದನ್ನು ಹೇಳಿದರೆ ಯಾರು ಓದುತ್ತಾರೆ? ಕಥೆ ಆರಿಸಿಕೊಳ್ಳುವುದು ಮನೆಗೆ ಸಿಡಿಲು ಬಡಿದ ದಿನಗಳನ್ನು. ಸಿಡಿಲು ಬಡಿದಾಗ ಮನುಷ್ಯ ಏನು ಮಾಡುತ್ತಾನೆ ಎಂಬುದನ್ನು ಅವನ ಸ್ವಭಾವಕ್ಕಿಂತ ಸಿಡಿಲೇ ಹೆಚ್ಚು ತೀರ್ಮಾನಿಸುತ್ತದೆ.

ವಾಲ್ಟರ್ ಮಿಷೆಲ್ ಎಂಬ ಮನಃಶಾಸ್ತ್ರಜ್ಞ 1968ರಲ್ಲಿ ಬರೆದ ಪುಸ್ತಕವೊಂದು ಈ ಕ್ಷೇತ್ರವನ್ನೇ ಅಲ್ಲಾಡಿಸಿತು. ಪರೀಕ್ಷೆಯಲ್ಲಿ ಬಂದ ಗುಣಕ್ಕೂ ಒಂದು ನಿರ್ದಿಷ್ಟ ಸಂದರ್ಭದಲ್ಲಿ ಆ ಮನುಷ್ಯ ನಡೆದುಕೊಳ್ಳುವ ರೀತಿಗೂ ಇರುವ ಸಂಬಂಧ ಬಹಳ ದುರ್ಬಲ, 1 ಪೂರ್ಣ ಸಂಬಂಧವಾದರೆ ಇದು ಸುಮಾರು 0.3 ಎಂದು ಅವರು ತೋರಿಸಿದರು. ಹಾಗಾದರೆ ಸ್ವಭಾವ ಎಂಬುದೇ ಸುಳ್ಳೇ? ಅಲ್ಲ. ಮುಂದೆ ಬಂದವರು ಇನ್ನೊಂದು ಮುಖ ತೋರಿಸಿದರು. ಒಂದು ದಿನದ ನಡೆಯಿಂದ ಏನೂ ಗೊತ್ತಾಗುವುದಿಲ್ಲ, ಆದರೆ ಹಲವು ದಿನಗಳ, ಹಲವು ಸಂದರ್ಭಗಳ ಸರಾಸರಿ ತೆಗೆದರೆ ಸ್ವಭಾವ ಚೆನ್ನಾಗಿಯೇ ಕಾಣುತ್ತದೆ. ಸರಾಸರಿ ಬೇಕು ಎಂದಮೇಲೆ ಎರಡೂವರೆ ಗಂಟೆಯ ಸಿನಿಮಾದ ನಾಲ್ಕು ಸಂಕಟದ ದೃಶ್ಯಗಳಿಂದ ಟೈಪ್ ಹೇಳುವುದು ಮಳೆಗಾಲದಲ್ಲಿ ಒಂದು ದಿನ ಬಂದು ಊರಿನ ವರ್ಷದ ಹವಾಮಾನ ಬರೆದ ಹಾಗೆ.

ನಿಜ ಜೀವನದಲ್ಲೂ ನಮ್ಮ ಕಣ್ಣು ಇದೇ ತಪ್ಪು ಮಾಡುತ್ತದೆ. 1977ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಲೀ ರಾಸ್ ಮತ್ತು ಸಂಗಡಿಗರು ಒಂದು ಕ್ವಿಜ್ ನಡೆಸಿದರು. ಯಾರು ಪ್ರಶ್ನೆ ಕೇಳಬೇಕು, ಯಾರು ಉತ್ತರಿಸಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಟ್ಟಿದ್ದರು. ಕೇಳುವವರು ತಮಗೆ ಗೊತ್ತಿರುವ ಕಷ್ಟದ ಪ್ರಶ್ನೆಗಳನ್ನೇ ಹೆಣೆದು ಕೇಳಬೇಕು. ಸಹಜವಾಗಿಯೇ ಉತ್ತರಿಸುವವರು ತಡಬಡಾಯಿಸಿದರು. ಇದೆಲ್ಲ ಗೊತ್ತಿದ್ದೂ ನೋಡುತ್ತಿದ್ದವರು ‘ಪ್ರಶ್ನೆ ಕೇಳಿದವನೇ ಜಾಣ’ ಎಂದು ಅಂಕ ಕೊಟ್ಟರು. ಕುರ್ಚಿ ಕೊಟ್ಟ ಅನುಕೂಲ ಅವರ ಕಣ್ಣಿಗೆ ಮನುಷ್ಯನ ಗುಣವಾಗಿ ಕಂಡಿತು.

ನಮ್ಮ ಮನೆಗಳಲ್ಲಿ ಆ ಕ್ವಿಜ್ ದಿನಾ ನಡೆಯುತ್ತದೆ. ತವರಿನಲ್ಲಿ ಮನೆ ತುಂಬ ಮಾತಾಡುತ್ತಿದ್ದ ಹುಡುಗಿ ಗಂಡನ ಮನೆಯಲ್ಲಿ ಮೂರು ತಿಂಗಳು ತುಟಿ ಬಿಚ್ಚುವುದಿಲ್ಲ. ಅತ್ತೆ ‘ಮೂಗಿ ಸ್ವಭಾವ’ ಎನ್ನುತ್ತಾರೆ, ಅವ್ವ ‘ನಮ್ಮ ಹುಡುಗಿ ಬಾಯಿಬಡಕಿ’ ಎನ್ನುತ್ತಾರೆ. ಅದೇ ಪರೀಕ್ಷೆಯನ್ನು ಯಾವ ಪಡಸಾಲೆಯಲ್ಲಿ ಕೂತು ಬರೆಯುತ್ತಾಳೆ ಎಂಬುದರ ಮೇಲೆ ಮೊದಲ ಅಕ್ಷರ ಬದಲಾಗುತ್ತದೆ.

ಹಾಗಂತ ನಾಯಕಿಯರ ಬಗ್ಗೆ ವಾದ ಮಾಡಲೇಬಾರದು ಎಂದು ನಾವು ಹೇಳುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಆ ವಾದಕ್ಕೆ ಬಹಳ ಹಿಂದಿನಿಂದ ಒಂದು ವೇದಿಕೆಯೇ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತಾಳಮದ್ದಲೆ ಕೇಳಿದವರಿಗೆ ‘ಭೀಷ್ಮ ವಿಜಯ’ದ ಅಂಬೆ ಗೊತ್ತು. ಸಾಲ್ವನನ್ನು ಮೆಚ್ಚಿದ್ದಳು, ಭೀಷ್ಮ ಸ್ವಯಂವರದಿಂದ ಎತ್ತಿಕೊಂಡು ಬಂದ, ನಿಜ ಹೇಳಿದ ಮೇಲೆ ಸಾಲ್ವನ ಬಳಿಗೆ ಕಳಿಸಿದ. ಅವನು ಒಲ್ಲೆ ಎಂದ, ಇವನೂ ಒಲ್ಲೆ ಎಂದ. ಪ್ರಸಂಗದ ಪದ್ಯ ಒಂದೇ, ಅರ್ಥ ಮಾತ್ರ ಅರ್ಥಧಾರಿಯದು. ಒಂದು ರಾತ್ರಿಯ ಅಂಬೆ ಬೇಡಿಕೊಳ್ಳುತ್ತಾಳೆ, ಇನ್ನೊಂದು ರಾತ್ರಿಯ ಅಂಬೆ ಭೀಷ್ಮನನ್ನು ಕಟಕಟೆಯಲ್ಲಿ ನಿಲ್ಲಿಸುತ್ತಾಳೆ. ಆದರೆ ಯಾವ ಅರ್ಥಧಾರಿಯೂ ‘ನನ್ನ ಸ್ವಭಾವವೇ ಹೀಗೆ’ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಎದುರಿನವನು ಬಿಡುವುದಿಲ್ಲ. ಯಾರು ಏನು ಮಾತು ಕೊಟ್ಟಿದ್ದರು, ಅವಳ ಮುಂದೆ ಯಾವ ಬಾಗಿಲು ತೆರೆದಿತ್ತು, ಯಾವುದು ಮುಚ್ಚಿತ್ತು ಎಂದು ಒಂದೊಂದಾಗಿ ಇಟ್ಟು ವಾದಿಸಬೇಕು. ಚೀಟಿ ಅಂಟಿಸುವುದಕ್ಕಿಂತ ಈ ಕ್ರಮ ಎಷ್ಟೋ ಮೇಲು. ಸಂದರ್ಭ ಮೊದಲು ಬರುತ್ತದೆ, ಸ್ವಭಾವ ಆಮೇಲೆ.

ಕಾವೇರಿ ಯಾವ ಟೈಪೂ ಅಲ್ಲ, ಅವಳಿಗೆ ಕಾಯಿಲೆ ಇತ್ತು

ಫಾರ್ವರ್ಡ್‌ನಲ್ಲಿ ನಮಗೆ ತೀರಾ ಬೇಸರವಾದದ್ದು ಕಾವೇರಿಯ ಫೋಟೋ. ಕೆಳಗೆ ಟೈಪ್, ಪಕ್ಕದಲ್ಲಿ ‘ಅತಿ ಭಾವುಕ, ಅಸ್ಥಿರ ಮನಸ್ಸು’ ಎಂಬ ವಿವರಣೆ.

‘ಶರಪಂಜರ’ವೂ ತ್ರಿವೇಣಿ ಅವರದ್ದೇ ಕಾದಂಬರಿ, 1971ರಲ್ಲಿ ಸಿನಿಮಾ ಆಯಿತು. ಅದೇ ಪುಟ್ಟಣ್ಣ, ಅದೇ ಕಲ್ಪನಾ. ಎರಡನೆಯ ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಆಸ್ಪತ್ರೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ಅಲ್ಲಿಂದ ನಿಜವಾದ ಕಥೆ ಶುರು. ಅವಳು ಜೋರಾಗಿ ನಕ್ಕರೂ, ಸುಮ್ಮನೆ ಕೂತರೂ, ಸಿಟ್ಟಾದರೂ ನೋಡುವವರಿಗೆ ಅದು ‘ಹುಚ್ಚು’. ಗಂಡ ಇನ್ನೊಬ್ಬಳತ್ತ ವಾಲಿದ್ದಾನೆ. ಅದನ್ನು ತಿಳಿದು ಯಾವ ಹೆಂಡತಿಗಾದರೂ ಬರುವ ಸಿಟ್ಟು ಅವಳಿಗೆ ಬರುವಂತಿಲ್ಲ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗುತ್ತಾಳೆ.

ಮನಃಶಾಸ್ತ್ರ ಓದಿದ್ದ ತ್ರಿವೇಣಿ (1928–1963) ಇದನ್ನು ಬರೆದ ಕಾಲದಲ್ಲಿ ಇಂಥ ವಿಷಯ ಮನೆಯ ಒಳಕೋಣೆ ದಾಟುತ್ತಿರಲಿಲ್ಲ. ಕಾವೇರಿಯ ಸುತ್ತಲಿನವರು ಅವಳಿಗೆ ಮಾಡಿದ್ದನ್ನೇ ಈ ಫಾರ್ವರ್ಡ್ ಇನ್ನೊಮ್ಮೆ ಮಾಡಿದೆ: ಬಂದು ಹೋದ ಕಾಯಿಲೆಯನ್ನು ಹುಟ್ಟುಗುಣ ಎಂದು ಬರೆದಿದೆ.

ಹಳ್ಳಿಯಲ್ಲಿ ‘ಬಾಣಂತಿ ಸನ್ನಿ’ ಎಂದು ಕರೆಯುವ ಈ ತೀವ್ರ ಸ್ಥಿತಿ ಸಾವಿರ ಹೆರಿಗೆಗೆ ಒಬ್ಬರು ಅಥವಾ ಇಬ್ಬರಲ್ಲಿ ಕಾಣುತ್ತದೆ. ಹೆಚ್ಚಾಗಿ ಶುರುವಾಗುವುದು ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ. ನಿದ್ದೆ ಹತ್ತಿರ ಸುಳಿಯುವುದಿಲ್ಲ, ನಿದ್ದೆ ಬೇಕು ಎಂದೂ ಅನ್ನಿಸುವುದಿಲ್ಲ. ಗೊಂದಲ, ವಿನಾಕಾರಣ ಅನುಮಾನ, ಯಾರೋ ಮಾತಾಡಿದ ಹಾಗೆ ಕೇಳಿಸುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ, ಒಂದು ಗಳಿಗೆ ನಗು, ಮರುಗಳಿಗೆ ಅಳು ಅಥವಾ ಪೂರ್ತಿ ಮೌನ. ಇದು ತುರ್ತು ಸ್ಥಿತಿ. ಹೆರಿಗೆ ನೋವು ಬಂದಾಗ ಎಷ್ಟು ಅವಸರ ಮಾಡುತ್ತೇವೋ ಅಷ್ಟೇ ಅವಸರ ಇಲ್ಲೂ ಬೇಕು, ಏಕೆಂದರೆ ತಾಯಿಯ ಜೀವಕ್ಕೂ ಮಗುವಿನ ಜೀವಕ್ಕೂ ಅಪಾಯ ಇರುತ್ತದೆ. ಚಿಕಿತ್ಸೆ ಸಿಕ್ಕರೆ ಬಹುಪಾಲು ತಾಯಂದಿರು ಚೆನ್ನಾಗಿ ಗುಣವಾಗುತ್ತಾರೆ.

ಇದನ್ನು ಇನ್ನೆರಡರ ಜೊತೆ ಬೆರೆಸಬೇಡಿ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಕಾರಣವಿಲ್ಲದೆ ಕಣ್ಣೀರು, ಕಿರಿಕಿರಿ ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಬರುತ್ತದೆ, ಎರಡು ವಾರದೊಳಗೆ ತಾನೇ ಹೋಗುತ್ತದೆ. ಹಾಗೆ ಹೋಗದೆ ಉಳಿದು, ಯಾವುದರಲ್ಲೂ ಮನಸ್ಸಿಲ್ಲ, ಮಗುವನ್ನು ಎತ್ತಿಕೊಳ್ಳಲೂ ಬೇಡ, ಬದುಕೇ ಬೇಡ ಎನ್ನುವ ಮಟ್ಟಕ್ಕೆ ಬಂದರೆ ಅದು ಬಾಣಂತಿ ಖಿನ್ನತೆ. ಭಾರತದ ಹಲವಾರು ಅಧ್ಯಯನಗಳ ಸುಮಾರು 20,000 ತಾಯಂದಿರ ಮಾಹಿತಿ ಒಟ್ಟುಗೂಡಿಸಿದ 2017ರ ವರದಿಯೊಂದು ಅದರ ಪ್ರಮಾಣ ಶೇ 22ರಷ್ಟು ಎಂದಿದೆ. ನಿಮ್ಮ ಓಣಿಯಲ್ಲಿ ಐದು ಬಾಣಂತಿಯರಿದ್ದರೆ ಒಬ್ಬಳು. ಇದಕ್ಕೂ ಚಿಕಿತ್ಸೆ ಇದೆ.

ಈಗ ಆ ಹತ್ತು ದಿನದ ಬಾಣಂತಿಯ ಬಗ್ಗೆ ಬಂದ ಸಾಲು ಇನ್ನೊಮ್ಮೆ ನೋಡಿ: ಮಾತಿಲ್ಲ, ನಿದ್ದೆ ಇಲ್ಲ. ಅವಳಿಗೆ ಏನಾಗಿದೆ ಎಂದು ಇಲ್ಲಿ ಕೂತು ಹೇಳಲು ನಮಗೆ ಬರುವುದಿಲ್ಲ, ಬರೀ ದಣಿವೂ ಇರಬಹುದು. ಆದರೆ ‘ಇದೇ ಟೈಪ್’ ಎಂದ ಕ್ಷಣ ಕೇಳುವುದು ನಿಂತುಹೋಗುತ್ತದೆ. ಸ್ವಭಾವಕ್ಕೆ ಯಾರು ವೈದ್ಯರನ್ನು ಕರೆಯುತ್ತಾರೆ? ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿಸಿ ಕಾಯುವುದಕ್ಕೂ ‘ಅವಳು ಅಂತರ್ಮುಖಿ ಟೈಪ್’ ಎಂದು ಕಾಯುವುದಕ್ಕೂ ಕಳೆದುಹೋಗುವ ದಿನಗಳ ಲೆಕ್ಕ ಒಂದೇ. ಪ್ರಶ್ನೆ ಕಳಿಸಿದ ಓದುಗರಿಗೆ ನಾವು ಮೊದಲು ಕೊಟ್ಟ ಉತ್ತರ ಈ ಲೇಖನವಲ್ಲ. ಇವತ್ತೇ ಆಶಾ ಕಾರ್ಯಕರ್ತೆಯನ್ನು ಆ ಮನೆಗೆ ಕರೆದುಕೊಂಡು ಹೋಗಿ ಎಂದು.

ಕೇಳುವುದು ಹೇಗೆ ಎಂದು ಕೆಲವರು ಹಿಂಜರಿಯುತ್ತಾರೆ. ‘ನಿನಗೆ ಏನಾಗಿದೆ?’ ಎಂದರೆ ಅಪವಾದ ಹೊರಿಸಿದ ಹಾಗೆ. ಅದರ ಬದಲು, ಮಗು ಮಲಗಿದಾಗ ನಿನಗೂ ನಿದ್ದೆ ಬರುತ್ತದಾ, ಮನಸ್ಸಿಗೆ ಹೇಗೆ ಅನ್ನಿಸುತ್ತಿದೆ, ಹೆದರಿಕೆ ಹುಟ್ಟಿಸುವ ಯೋಚನೆ ಬರುತ್ತವಾ ಎಂದು ಪಕ್ಕದಲ್ಲಿ ಕೂತು ಕೇಳಬಹುದು. ತವರಿನವರನ್ನೂ ಕೇಳಿ, ಅವಳು ಮೊದಲು ಹೀಗಿದ್ದಳೇ ಎಂದು. ಬದಲಾವಣೆ ಎದ್ದು ಕಂಡರೆ ಅದೇ ಮುಖ್ಯ ಸುಳಿವು. ಹಿಂದಿನ ಹೆರಿಗೆಯಲ್ಲಿ ಹೀಗಾಗಿತ್ತು ಅಥವಾ ಮೊದಲಿನಿಂದ ಬೈಪೋಲಾರ್ ಕಾಯಿಲೆ ಇದೆ ಎಂದಾದರೆ ಮರುಕಳಿಸುವ ಸಾಧ್ಯತೆ ಹೆಚ್ಚು. ಬಸುರಿಯಿರುವಾಗಲೇ ವೈದ್ಯರಿಗೆ ತಿಳಿಸಬೇಕು, ಮುಚ್ಚಿಡಬಾರದು.

ಸನವಳ್ಳಿಯ ಸುತ್ತಲಿನವರಿಗೆ ಮೊದಲ ಮೆಟ್ಟಿಲು ಮುಂಡಗೋಡದ ತಾಲ್ಲೂಕು ಆಸ್ಪತ್ರೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ರಾಜ್ಯದಲ್ಲಿದೆ, ನಿಮ್ಮಲ್ಲಿಗೆ ಯಾವ ದಿನ ಎಂದು ವಿಚಾರಿಸಿ. ಆದರೆ ಮೇಲೆ ಹೇಳಿದ ತುರ್ತು ಲಕ್ಷಣಗಳಿದ್ದರೆ ಆ ದಿನಕ್ಕಾಗಿ ಕಾಯಬೇಡಿ. 108ಕ್ಕೆ ಕರೆ ಮಾಡಿ, ಹುಬ್ಬಳ್ಳಿಯ ಕಿಮ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ಪ್ರತ್ಯೇಕ ವಾರ್ಡ್ ಕೂಡ ಇದೆ. ಏನು ಮಾಡುವುದೆಂದು ತಿಳಿಯದಿದ್ದರೆ 14416, ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬಾಣಂತಿಯೇ ಮಾತಾಡಬೇಕೆಂದಿಲ್ಲ. ಅತ್ತೆ, ಗಂಡ, ಪಕ್ಕದ ಮನೆಯವರು ಯಾರು ಮಾಡಿದರೂ ನಡೆಯುತ್ತದೆ.